ಹಲ್ಲಿನ ಗುರುತು

ಅವಳು ತೊಟ್ಟಿಲಿನ ಮುಂದೆ ಕಷ್ಟಪಟ್ಟು ಮಂಡಿಯೂರಿ ಅದರ ಮೇಲಂಚಿನ ಪಟ್ಟಿಯ ಮೇಲೆ ಬೆರಳಾಡಿಸಿದಳು. ಒಂದು ತುದಿಯಿಂದ ಇನ್ನೊಂದು ತುದಿಗೆ, ಮತ್ತೆ ಹಿಂದಕ್ಕೆ. ಎಂಟು ತಿಂಗಳು ತುಂಬಿದ ಹೊಟ್ಟೆ ಮರದ ಕಂಬಿಗಳಿಗೆ ತಾಗುತ್ತಿತ್ತು. ಹಳೆಯ ಸಾಮಾನಿನ ಮಾರ್ಕೆಟ್ಟಿನಲ್ಲಿ ಇದು ನಾಲ್ಕನೆಯ ಅಂಗಡಿ, ಏಳನೆಯ ತೊಟ್ಟಿಲು.

“ಏನೂ ಇಲ್ಲ,” ಎಂದಳು ಗಂಡನಿಗೆ.

“ಏನಿರಬೇಕಿತ್ತಮ್ಮ?” ಪಾಲಿಶ್ ಬಟ್ಟೆ ಹಿಡಿದು ನಿಂತಿದ್ದ ಅಂಗಡಿಯವನು ಕೇಳಿದ. “ಒಂದು ಗೀರಿಲ್ಲ, ಒಂದು ಕಲೆಯಿಲ್ಲ. ಬೆಳಗ್ಗೆ ತಾನೇ ಎರಡನೇ ಕೋಟ್ ಹೊಡೆದಿದೀನಿ. ಹಳೇದು ಅಂತ ನಾನೇ ಹೇಳಿದ್ರೂ ಜನ ನಂಬಲ್ಲ.”

“ಅದೇ ತೊಂದರೆ,” ಎಂದ ಗಂಡ ಮೆಲ್ಲಗೆ.

“ಇದರಲ್ಲಿ ಮಗು ಮಲಗಿತ್ತಾ?” ಅವಳು ಕೇಳಿದಳು.

“ತೊಟ್ಟಿಲಲ್ಲಿ ಇನ್ಯಾರು ಮಲಗ್ತಾರಮ್ಮ, ಮಗುವಿನ ತಾತನಾ?”

ಅವಳು ನಗಲಿಲ್ಲ. “ಆ ಮಗೂನ ನೀವು ನೋಡಿದೀರಾ?”

“ಹತ್ತು ಮನೆ ಸಾಮಾನು ಒಂದೇ ಲಾರೀಲಿ ಬರುತ್ತೆ. ಯಾವುದು ಯಾರ ಮನೇದು ಅಂತ ಹೇಗೆ ಹೇಳ್ಲಿ?”

ಹಿಂದಿನ ವರ್ಷ ಗಂಡ ಹೆಂಡತಿ ಹೊಚ್ಚಹೊಸ ತೊಟ್ಟಿಲು ತಂದು, ಹಾಸಿಗೆ ಹಾಸಿ ಇಟ್ಟು ಆಸ್ಪತ್ರೆಗೆ ಹೋಗಿದ್ದರು. ಬರುವಾಗ ಇಬ್ಬರೇ ಬಂದರು. ಮೂರು ವಾರದ ಮೇಲೆ ಗಂಡ ಅದನ್ನು ಇಂಥದೇ ಒಂದು ಅಂಗಡಿಗೆ ಕೊಟ್ಟುಬಂದ. ಬಳಸಿಯೇ ಇಲ್ಲವಲ್ಲ ಎಂದು ಆ ಅಂಗಡಿಯವನು ಸಂತೋಷಪಟ್ಟನೇ ಹೊರತು ಬೇರೇನೂ ಕೇಳಲಿಲ್ಲ. ಈ ಸಲ ಹೊಸದು ಬೇಡವೇ ಬೇಡ ಎಂದು ಅವಳು ಹಟ ಹಿಡಿದಿದ್ದಳು. ಹೆರಿಗೆಗೆ ಹತ್ತೊಂಬತ್ತು ದಿನ ಉಳಿದಿತ್ತು. ಆಸ್ಪತ್ರೆಗೆ ಒಯ್ಯುವ ಬ್ಯಾಗು ಇನ್ನೂ ಖಾಲಿಯಿತ್ತು. ಬಿ.ಪಿ. ಏರುತ್ತಿದೆ, ಮನಸ್ಸಿಗೆ ಏನೂ ಹಚ್ಚಿಕೊಳ್ಳಬೇಡಿ ಎಂದು ಡಾಕ್ಟರು ಎರಡು ಸಲ ಹೇಳಿದ್ದರು.

“ಹಲ್ಲು ಹುಟ್ಟೋ ಹೊತ್ತಿಗೆ ಮಕ್ಕಳು ಎದ್ದು ನಿಂತು ಈ ಪಟ್ಟಿ ಕಚ್ತಾವೆ,” ಎಂದಳು ಅವಳು. “ಆ ಗುರುತು ಒಂದಿದ್ರೆ ಸಾಕು. ಅಷ್ಟು ದಿನ ಒಂದು ಮಗು ಇದರಲ್ಲಿ ಬೆಳೀತು ಅಂತ ಗೊತ್ತಾಗುತ್ತೆ.”

ಅಂಗಡಿಯವನ ದನಿ ತಗ್ಗಿತು. “ಇದ್ದಿರಬಹುದು ತಾಯಿ. ಇದ್ರೂ ನಾನು ಉಳಿಸಿರಲ್ಲ. ಮೊದಲು ಉಜ್ತೀನಿ, ಗುಂಡಿ ಬಿದ್ದಿದ್ರೆ ಮೇಣ ತುಂಬ್ತೀನಿ. ಗುರುತಿದ್ರೆ ಗಿರಾಕಿಗಳು ಮುಟ್ಟಲ್ಲ.”

ಅವಳು ಕಂಬಿ ಹಿಡಿದು ಎದ್ದಳು. “ನಾವು ಕೊಟ್ಟಿದ್ದನ್ನೂ ಯಾರೋ ಹೀಗೇ ನೋಡ್ತಾ ಇರ್ತಾರೆ ಕಣ್ರೀ. ಒಂದು ಗೀರೂ ಇಲ್ಲ ಅಂತ ಖುಷಿಪಡ್ತಾ.” ಮುಂದಿನ ಮಾತಿಗೆ ಉಸಿರು ಸಾಲಲಿಲ್ಲ.

“ಬನ್ನಿ, ಇಲ್ಲಿ ಕೂತ್ಕೊಳಿ. ಈ ಕುರ್ಚಿ ಮಾರಕ್ಕಲ್ಲ, ಕೂರಕ್ಕೇ ಇರೋದು,” ಎಂದು ಅಂಗಡಿಯವನು ಅವಳನ್ನು ಬಾಗಿಲ ಬಳಿ ಬೀದಿಗೆ ಮುಖ ಮಾಡಿ ಕೂರಿಸಿ, ನೀರು ತರಲು ಒಳಗೆ ಹೋದ.

ಗಂಡ ತೊಟ್ಟಿಲಿನ ಪಕ್ಕ ಉಳಿದ. ಪಟ್ಟಿಯ ಒಳಮೈಗೆ ಉಗುರು ಒತ್ತಿ ನೋಡಿದ. ಮರ ಮೆದುವಾಗಿತ್ತು, ಪಾಲಿಶ್ ಇನ್ನೂ ಅಂಟುತ್ತಿತ್ತು. ಎದುರಿನ ಅಂಗಡಿಯಲ್ಲಿ ಒಬ್ಬ ಹಳೆಯ ಫ್ಯಾನಿನ ಗುಂಡಿ ಒತ್ತುತ್ತಿದ್ದ. ಬೇರೆ ಯಾರೂ ಇತ್ತ ನೋಡುತ್ತಿರಲಿಲ್ಲ. ಅವನು ಮಂಡಿಯೂರಿ, ಕತ್ತು ಓರೆ ಮಾಡಿ, ಪಟ್ಟಿಯನ್ನು ಕಚ್ಚಿದ. ಮೊದಲು ಬರುವುದು ಮುಂದಿನ ಹಲ್ಲುಗಳೆಂದು ಎಲ್ಲೋ ಓದಿದ್ದ, ಅವನ್ನಷ್ಟೇ ಊರಿದ. ಬಾಯೆಲ್ಲ ಕಹಿಯಾಯಿತು. ಸ್ವಲ್ಪ ಆಚೆ ಸರಿದು ಇನ್ನೊಮ್ಮೆ ಕಚ್ಚುವಾಗ ಎದುರಿಗೆ ಎರಡು ಚಪ್ಪಲಿಗಳು ಬಂದು ನಿಂತವು.

ಅಂಗಡಿಯವನು ನೀರಿನ ಲೋಟ ಹಿಡಿದು ಅವನನ್ನೇ ನೋಡುತ್ತಿದ್ದ.

“ಸರ್,” ಎಂದ ಪಿಸುಗುಟ್ಟುತ್ತಾ, “ಅಷ್ಟು ಅಗಲ ಬೇಡ. ಮಗು ಅದು.”

ಲೋಟವನ್ನು ಕೆಳಗಿಟ್ಟು, ಪಾಲಿಶ್ ಹಿಡಿದ ಕೊಳೆಬಟ್ಟೆಯ ತುದಿಯನ್ನು ಬೆರಳಿಗೆ ಸುತ್ತಿ ಆ ತಗ್ಗುಗಳಲ್ಲಿ ತಿರುವಿದ. ಬೆಳ್ಳಗೆ ಕಾಣುತ್ತಿದ್ದ ಮರ ಕಪ್ಪಾಯಿತು. ಆಮೇಲೆ ಲೋಟ ಎತ್ತಿಕೊಂಡು ಬಾಗಿಲ ಕಡೆ ಹೋದ. “ನೀರು ತಗೊಳಿ ತಾಯಿ. ಒಂದ್ಸಲ ಇಲ್ಲಿ ಬಂದು ನೋಡಿ. ಒಳಗಡೆ ಮೈ ನಾನು ಸರಿಯಾಗಿ ನೋಡಿರ್ಲಿಲ್ಲ.”

ಅವಳು ಲೋಟ ಹಿಡಿದೇ ಬಂದಳು. ಬೆರಳು ಪಟ್ಟಿಯ ಒಳಮೈ ಮೇಲೆ ಸರಿದು ಒಂದು ಕಡೆ ನಿಂತಿತು. ಮುಂದೆ ಹೋಗಿ ಮತ್ತೆ ನಿಂತಿತು. ಬಗ್ಗಿ ನೋಡಿದಳು. ಗಂಡ ತುಟಿ ಬಿಗಿದು, ಬಾಯಲ್ಲಿದ್ದ ಕಹಿಯನ್ನು ನುಂಗಲೂ ಹೆದರಿ ನಿಂತಿದ್ದ.

“ಎಷ್ಟು ತಿಂಗಳ ಮಗು ಇರಬಹುದು?” ಎಂದು ಅಂಗಡಿಯವನನ್ನು ಕೇಳಿದಳು.

“ಒಂಬತ್ತು. ಹತ್ತೂ ಇರಬಹುದು.”

“ಗಟ್ಟಿ ಮಗು.”

“ಗಟ್ಟಿ ಮಗುವೇ ತಾಯಿ,” ಎಂದ ಅವನು, ಎದುರಿನ ಫ್ಯಾನಿನ ಕಡೆ ನೋಡುತ್ತಾ.

ಅವಳು ಗಂಡನ ಕಡೆ ತಿರುಗಿದಳು. ಅವನ ಕೆಳತುಟಿಯ ಮೇಲೆ ಕಂದು ಬಣ್ಣದ ಪಾಲಿಶ್ ಒಂದು ಗೆರೆಯಾಗಿ ಹತ್ತಿತ್ತು. ಕರವಸ್ತ್ರದ ತುದಿಯನ್ನು ಲೋಟದಲ್ಲಿ ಅದ್ದಿ, ಅವನ ಗಲ್ಲ ಹಿಡಿದು, ಅದು ಹೋಗುವವರೆಗೂ ಒರೆಸಿದಳು. ಆಮೇಲೆ ಅಂಗಡಿಯವನಿಗೆ ಹೇಳಿದಳು:

“ಇದನ್ನೇ ಕಟ್ಟಿಕೊಡಿ. ಮೇಲೆ ಇನ್ನೊಂದು ಕೋಟ್ ಮಾತ್ರ ಹೊಡೀಬೇಡಿ.”