ಗಂಡು ಮೀನಿನ ಸರದಿ

ತೆಗೆಯಬೇಕೋ, ಬಿಡಬೇಕೋ? ತೆಗೆದರೆ ಇಷ್ಟೂ ಮರಿಗಳನ್ನು ಹೆಣ್ಣು ಮೀನು ಒಂಟಿಯಾಗಿ ಸಾಕಬೇಕು. ಬಿಟ್ಟರೆ ಗಂಡು ಈ ಸಲವೂ ಎಲ್ಲವನ್ನೂ ಮುಗಿಸಿಬಿಡಬಹುದು. ಹಿಂದೆ ಎರಡು ಸಲ ತತ್ತಿ ತಿಂದದ್ದು ಅದೇ. ವೀರು ಕಣ್ಣಾರೆ ಕಂಡಿದ್ದ. ಕೈಯಲ್ಲಿ ಬಲೆ ಹಿಡಿದು ಅವನು ಗಾಜಿನ ತೊಟ್ಟಿಯ ಮುಂದೆ ನಿಂತೇ ಇದ್ದ.

ನೀರುಗಿಡಗಳ ಹಸಿರಿನಲ್ಲಿ ಎರಡು ಡಿಸ್ಕಸ್ ಮೀನುಗಳು, ದುಂಡಗೆ, ಚಪ್ಪಟೆಯಾಗಿ. ಅಗಲವಾದ ಎಲೆಯೊಂದರ ಮೇಲೆ ಇಟ್ಟ ತತ್ತಿಗಳು ಈ ಸಲ ಹೇಗೋ ಉಳಿದು ಮರಿಯಾಗಿದ್ದವು. ಇವತ್ತು ಮರಿಗಳು ಎಲೆ ಬಿಟ್ಟು ಈಜಿ, ತಾಯಿಯ ಮೈಗೆ ಮುತ್ತಿಕೊಂಡಿದ್ದವು. ಹೆತ್ತವರ ಮೈಮೇಲಿನ ಲೋಳೆಯೇ ಅವಕ್ಕೆ ಮೊದಲ ಊಟ. ಬೆಟಗೇರಿಯ ಗಡಸು ನೀರಿನಲ್ಲಿ ಇವು ಬದುಕುವುದಿಲ್ಲವೆಂದು ಕುಡಿಯುವ ನೀರನ್ನೇ ಕ್ಯಾನಿನಲ್ಲಿ ಹೊತ್ತು ತಂದು ಸುರಿದಿದ್ದ ವೀರು. ಬಣ್ಣದ ಮೀನಿನ ಅಂಗಡಿಯ ಖಾಸಿಂಸಾಬನೂ ಫೋನಿನಲ್ಲಿ, "ಗಂಡನ್ನ ತಗದುಬಿಡ್ರಿ ಸರ್, ನಂಬಬ್ಯಾಡ್ರಿ" ಅಂದಿದ್ದ.

"ತಗಿಯೋ ಅದನ್ನ," ಎಂದರು ಹಿಂದೆ ಕುರ್ಚಿಯಲ್ಲಿ ಕೂತಿದ್ದ ಅಪ್ಪ ಚನ್ನಬಸವಣ್ಣ. ಕುರ್ತಕೋಟಿಯಿಂದ ಆಗಷ್ಟೇ ಬಂದಿದ್ದರು. "ಬಾಣಂತಿ ಖೋಲ್ಯಾಗ ಗಂಡಸಿಗೆ ಏನ್ ಕೆಲಸ?"

"ತಗದ್ರ ಅದರ ಬಾಣಂತನ ಮಾಡೋರು ಯಾರ್ರಿ ಮಾವಾರ?" ಅಡುಗೆಮನೆಯಿಂದ ಸೊಸೆ ಸ್ನೇಹಾ ಕೂಗಿದಳು. "ಪಾಪ, ಅದಕ್ಕ ತವರಮನಿ ಬ್ಯಾರೆ ಇಲ್ಲ!"

ಅಪ್ಪ ಬಾಗಿಲಲ್ಲಿ ಚಪ್ಪಲಿ ಬಿಡುವಾಗಲೇ ವೀರು ತನ್ನ ಸೊಂಟದ ಮೇಲಿದ್ದ ಮಗಳನ್ನು ಸ್ನೇಹಾಳ ಕೈಗೆ ದಾಟಿಸಿಬಿಟ್ಟಿದ್ದ. ಹಿರಿಯರೆದುರು ಗಂಡಸು ತನ್ನ ಕೂಸನ್ನು ತಾನು ಎತ್ತಿಕೊಳ್ಳಬಾರದು. ಅವರ ಮನೆಯಲ್ಲಿ ಇದನ್ನು ಯಾರೂ ಯಾರಿಗೂ ಹೇಳಿಕೊಟ್ಟದ್ದಿಲ್ಲ, ಕೈಗಳಿಗೆ ಗೊತ್ತಿತ್ತು. ಆಗಿನಿಂದ ಸ್ನೇಹಾ ಕೂಸನ್ನು ಸೊಂಟಕ್ಕೇರಿಸಿಕೊಂಡು ಒಂದೇ ಕೈಯಲ್ಲಿ ಹಿಟ್ಟು ನಾದುತ್ತಿದ್ದಳು.

ಅಷ್ಟರಲ್ಲಿ ಹೆಣ್ಣು ಮೀನು ದಣಿದಂತೆ ಮೈ ಕೊಡವಿತು. ಗಂಡು ಮೆಲ್ಲಗೆ ಅದರ ಮಗ್ಗುಲಿಗೆ ಬಂತು. ವೀರುವಿನ ಬಲೆ ನೀರಿಗಿಳಿಯಿತು. ಅಷ್ಟೊತ್ತಿಗೆ ಹೆಣ್ಣು ತಟ್ಟನೆ ಚಿಮ್ಮಿ ದೂರ ಸರಿಯಿತು. ಮರಿಗಳೆಲ್ಲ ನಡುನೀರಿನಲ್ಲಿ ಉಳಿದವು, ಗಂಡಿನ ಬಾಯಿಯ ಎದುರಿಗೇ.

"ತಿಂತು, ತಿಂತು!" ಚನ್ನಬಸವಣ್ಣ ಎದ್ದೇಬಿಟ್ಟರು.

ತಿನ್ನಲಿಲ್ಲ. ಮರಿಗಳಿಗೆ ತನ್ನ ಮಗ್ಗುಲು ಕೊಟ್ಟು ಅಲುಗದೆ ನಿಂತಿತು. ಒಂದು ಮರಿ ಅಂಟಿಕೊಂಡಿತು. ಇನ್ನೊಂದು. ನೋಡನೋಡುತ್ತ ಅದರ ಮೈತುಂಬ ಮರಿಗಳು.

"ಎಳ್ಳ ಹಚ್ಚಿದ ಸಜ್ಜಿ ರೊಟ್ಟಿ ಆಗ್ಯಾನಲ್ಲಲೇ ಮಗಾ!" ಅಪ್ಪ ನಕ್ಕರು. ಆಮೇಲೆ ಗಾಜಿನ ಹತ್ತಿರಕ್ಕೆ ಬಾಗಿದರು. "ನಾ ನಿನ್ನ ಒಂದಿನಾನೂ ಎತ್ತಲಿಲ್ಲ ನೋಡು. ನಮ್ಮಪ್ಪ ಕಟ್ಟಿ ಮ್ಯಾಲ ಕುಂತಿರತಿದ್ದ."

ವೀರು ಬಲೆಯ ನೀರು ಜಾಡಿಸಿ ಅದನ್ನು ಮೊಳೆಗೆ ಸಿಕ್ಕಿಸಿದ. ಒಳಗೆ ಕೂಸು ಅಳತೊಡಗಿತು. ಅವನು ಅಪ್ಪನ ಕಡೆ ನೋಡಿದ.

"ಹೋಗು, ಎತ್ಗೋ," ಎಂದರು ಅಪ್ಪ, ಕುರ್ಚಿಯನ್ನು ತೊಟ್ಟಿಯ ಕಡೆ ತಿರುಗಿಸಿಕೊಂಡು. "ನಾ ಮೀನ ನೋಡಾಕತ್ತೀನಿ."

ವೀರು ಮಗಳನ್ನು ಎತ್ತಿಕೊಂಡು ಬಂದು ಅಪ್ಪನ ಪಕ್ಕದಲ್ಲೇ ನಿಂತ. ಅವಳು ಅಳು ನಿಲ್ಲಿಸಿ ಗಾಜಿಗೆ ಅಂಗೈ ಹಚ್ಚಿದಳು. ಅಪ್ಪ ತಿರುಗಿ ನೋಡಲಿಲ್ಲ.

ಒಂದು ದಿನವೂ ಎತ್ತಲಿಲ್ಲವೆಂದು ಅಪ್ಪ ಹೇಳಿದ್ದು ಖರೆಯಲ್ಲ. ಊರಿನ ಕೊನೆಯ ಮನೆ ದಾಟಿದ ಮೇಲೆ, ಎರೆಹೊಲದ ದಾರಿಯಲ್ಲಿ, ಅತ್ತಿತ್ತ ನೋಡಿ ಅವರು ವೀರುವನ್ನು ಹೆಗಲ ಮೇಲೆ ಕೂರಿಸಿಕೊಳ್ಳುತ್ತಿದ್ದರು. ಬರುವಾಗ ಅದೇ ಮನೆಯ ಹಿಂದೆ ಇಳಿಸಿ, "ನಡಿ ಇನ್ನ" ಅನ್ನುತ್ತಿದ್ದರು. ಅದು ತನಗೆ ನೆನಪಿದೆ ಎಂದು ವೀರು ಅಪ್ಪನಿಗೆ ಹೇಳಲಿಲ್ಲ.