ಚಂದನಾಳಿಗೊಂದು ವ್ಯಾನು

ಹತ್ತನೇ ತರಗತಿಯ ಬೀಳ್ಕೊಡುಗೆ ಸಮಾರಂಭಕ್ಕೆ, ಗಾಲಿಕುರ್ಚಿಯಲ್ಲಿ ಓಡಾಡುವ ಚಂದನಾಳನ್ನು ಕರೆತರಲು ವಾಗೀಶ್ವರಿ ಟೀಚರ್ ಮೂರು ದಿನದಿಂದ ಬಾಡಿಗೆ ವ್ಯಾನು ಹುಡುಕುತ್ತಿದ್ದರು. ಕುರ್ಚಿ ಸಮೇತ ಹತ್ತಿಸಬೇಕೆಂದರೆ ಸಾಕು, ಟ್ರಾವೆಲ್ಸ್‌ನವರು "ಬೇರೆ ಕಡೆ ಕೇಳಿ ಮೇಡಂ" ಎಂದು ಫೋನ್ ಇಡುತ್ತಿದ್ದರು. ಹದಿನಾಲ್ಕನೆಯವನು ಒಪ್ಪಿದ. ಹಲಗೆ ಇಳಿಬಿಟ್ಟು ಕುರ್ಚಿಯನ್ನು ನೇರ ಒಳಗೆ ತಳ್ಳಬಹುದಾದ ವ್ಯಾನು ಅವನಲ್ಲಿತ್ತು. ಟೀಚರ್ ಬಳಲಿದ ದನಿಯಲ್ಲೇ ಹುಡುಗಿಗೆ ಫೋನ್ ಮಾಡಿದರು.

"ಗಾಡಿ ಸಿಕ್ತು ಕಣೇ! ಶನಿವಾರ ನಾಲ್ಕು ಗಂಟೆಗೆ ರೆಡಿಯಾಗಿರು."

"ಥ್ಯಾಂಕ್ಸ್ ಮಿಸ್."

"ಯಾಕೆ, ಖುಷಿಯಾಗ್ಲಿಲ್ವಾ?"

"ಆಯ್ತು ಮಿಸ್. ನೀವು ನಂಗೋಸ್ಕರ ಇಷ್ಟು ಕಷ್ಟಪಡ್ತಿದ್ರಿ, ಹೇಳೋಕೆ ಮನಸ್ಸಾಗ್ಲಿಲ್ಲ."

"ಏನು ಹೇಳೋಕೆ?"

"ನೀವು ಬುಕ್ ಮಾಡಿರೋ ಹಾಲ್ ಎರಡನೇ ಮಹಡೀಲಿದೆ ಮಿಸ್. ಅಲ್ಲಿ ಲಿಫ್ಟಿಲ್ಲ."