ಎಡಗಡೆಯ ಸೀಟು

“ಎಡಗಡೆ ಕೂತವನು ಅಳ್ಳಾಡಬಾರ್ದು,” ಎಂದರು ರುದ್ರಯ್ಯ. “ಬೆಲ್ಟು ಅಂಗೆ ಹಾಕ್ಬೇಕು.”

ಗೋಪಾಲ ಕಾರಿನ ಅಡಿಯಿಂದ ತಲೆ ಹೊರಗೆ ಹಾಕಿದ. ಶಿರಾ ಬೈಪಾಸಿನ ಪಕ್ಕದ ಅವನ ಗ್ಯಾರೇಜಿಗೆ ಟ್ರ್ಯಾಕ್ಟರು, ಗೂಡ್ಸ್ ಆಟೊ ಬರುತ್ತಿದ್ದವೇ ಹೊರತು ಇಂಥದ್ದು ಬಂದಿರಲಿಲ್ಲ. ಎರಡೇ ಬಾಗಿಲಿನ ಹಳೆಯ ವಿದೇಶಿ ಕಾರು. ಎಂಜಿನ್ನಿನ ಬಲವೆಲ್ಲ ಹಿಂದಿನ ಚಕ್ರಗಳಿಗೆ. ದೊಡ್ಡೇರಿಯ ರುದ್ರಯ್ಯನವರ ಮಗ ಗೌರೀಶ ಅದನ್ನು ಡ್ರಿಫ್ಟ್ ಆಟಕ್ಕೆಂದು ಕೊಂಡಿದ್ದ. ಹಿಂಭಾಗವನ್ನು ಬೇಕೆಂದೇ ಜಾರಿಸಿ, ಕಾರನ್ನು ಅಡ್ಡಡ್ಡವಾಗಿ ತಿರುವು ದಾಟಿಸುವ ಆಟ. ಕಾರು ಮನೆಗೆ ಬಂದ ತಿಂಗಳೇ ಅವನು ಗೆಳೆಯ ಪ್ರಭುದೇವನ ಬೈಕಿನ ಹಿಂದೆ ಕೂತು ಹೋದವನು ಬಿದ್ದ. ಬೆನ್ನುಮೂಳೆ ಮುರಿಯಿತು. ಓಡಿಸುತ್ತಿದ್ದ ಪ್ರಭುದೇವನಿಗೆ ಮೊಣಕೈ ತರಚಿತ್ತು, ಅಷ್ಟೆ. ಅಂದಿನಿಂದ ಗೌರೀಶ ಹಾಸಿಗೆ ಬಿಟ್ಟು ಎದ್ದಿಲ್ಲ. ಮಗ್ಗುಲು ಬದಲಿಸಿದರೂ ಅವನು ಕಿರುಚುವುದು ಬೀದಿಗೆ ಕೇಳುತ್ತಿತ್ತು. ಪ್ರಭುದೇವ ಆ ಬೀದಿಗೆ ಕಾಲಿಟ್ಟಿಲ್ಲ. ಹೋದ ವಾರ ಗೌರೀಶನನ್ನು ಮತ್ತೆ ಆಸ್ಪತ್ರೆಗೆ ಸೇರಿಸಿದ್ದರು.

ಈಗ ಅಪ್ಪನೇ ಕಾರು ತಂದು ನಿಲ್ಲಿಸಿದ್ದರು.

“ಹೆಲ್ಮೆಟ್ಟು ಎರಡು ಬೇಕಾಯ್ತದೆ, ಯಜಮಾನ್ರೇ.”

“ಒಂದು ಸಾಕು. ಎಡಗಡೆಯವನಿಗೆ ಬೇಡ. ಮುಖ ಕಾಣ್ಬೇಕು.”

“ಹಿಂದ್ಲು ಚಕ್ರ ಜಾರಿದ್ರೆ ಕತ್ತು ವಾಲ್ತದೆ. ನೋವಾಯ್ತದೆ.”

“ನೋವಾಗಲ್ಲ ಅವನಿಗೆ.” ರುದ್ರಯ್ಯ ಹೆಗಲ ಮೇಲಿನ ಟವೆಲು ಸರಿಮಾಡಿಕೊಂಡರು. “ಕತ್ತಿಗೂ ಒಂದು ಪಟ್ಟಿ ಹಾಕು. ಪ್ರಭುಗೆ ಹೇಳಿ ಕಳ್ಸಿದೀನಿ. ನಾನು ಕರೆದ ದಿನ ಅವನು ಬರ್ತಾನೆ.”

ಅವರ ದನಿ ಏರಲಿಲ್ಲ. ಏರಿದ್ದರೆ ಗೋಪಾಲನಿಗೆ ಇಷ್ಟು ಹೆದರಿಕೆ ಆಗುತ್ತಿರಲಿಲ್ಲ.

ಕೆಲಸ ನಡೆಯಿತು. ಹಿಂದಿನ ಎರಡು ಚಕ್ರಗಳೂ ಒಂದೇ ವೇಗದಲ್ಲಿ ತಿರುಗುವಂತೆ ನಡುವಿನ ಗೇರುಗಳನ್ನು ವೆಲ್ಡ್ ಮಾಡಬೇಕಿತ್ತು. ಪಾವಗಡದಿಂದ ಬಂದ ವೆಲ್ಡರ್ ಪೆದ್ದಣ್ಣ ಕಿಡಿಗಳ ನಡುವೆಯೇ ನಕ್ಕ.

“ಜಾರೋಕೆ ಇಷ್ಟು ಖರ್ಚಾ? ನಮ್ಮೂರ ಬಸ್ಸು ಹತ್ತು, ಪುಕ್ಕಟೆ ಜಾರ್ತದೆ.”

ಗೋಪಾಲ ನಗಲಿಲ್ಲ. ಹಿಂದಿನ ಚಕ್ರಗಳನ್ನು ತಟ್ಟನೆ ಕಚ್ಚಿ ಹಿಡಿಯುವ ಉದ್ದನೆಯ ಹ್ಯಾಂಡ್‌ಬ್ರೇಕು ಕೂರಿಸಿದ. ಮುಂದಿನ ಚಕ್ರಗಳು ಇನ್ನಷ್ಟು ಓರೆಯಾಗಿ ತಿರುಗುವಂತೆ ಮಾಡಿದ. ಎಡಗಡೆಗೆ ರೇಸಿನ ಸೀಟು ತಂದಾಗ ರುದ್ರಯ್ಯ ಅದನ್ನು ಗೇಣಿನಲ್ಲಿ ಅಳೆದು ತಲೆ ಅಲ್ಲಾಡಿಸಿದರು.

“ಅಗಲ ಸಾಲದು.”

“ಇದಕ್ಕಿಂತ ದೊಡ್ಡದು ಹಾಕಿದ್ರೆ ಮುಂದೆ ಕಾಲು ಚಾಚೋಕೆ ಜಾಗ ಇರಲ್ಲ.”

“ಕಾಲು ಚಾಚೋದಿಲ್ಲ. ಮಡಚಿರ್ತೀವಿ.”

ಪೆದ್ದಣ್ಣ ಗಾಜಿನ ಮುಖವಾಡ ಮೇಲೆತ್ತಿದವನು, ರುದ್ರಯ್ಯ ಹೊರಡುವವರೆಗೂ ಇಳಿಸಲಿಲ್ಲ.

“ಲೇ ಗೋಪಾಲ, ಇದು ಆಟ ಅಲ್ಲ ಕಣ್ಲಾ. ಕಾಲು ಮಡಚಿ, ಕತ್ತು ಕಟ್ಟಿ... ಆ ಪ್ರಭು ಹುಡುಗನ್ನ ಏನು ಮಾಡ್ತಾರೆ?”

ಗೋಪಾಲನಿಗೂ ಅದೇ ಚಿಂತೆ. ಆದರೆ ಯಾರಿಗೆ ಏನೆಂದು ದೂರು ಕೊಡುವುದು? ಬೆಲ್ಟು ಬಿಗಿಯಾಗಿರಲಿ ಎಂದದ್ದು ಅಪರಾಧವೇ?

ಮುಂದಿನ ಸಲ ಬಂದಾಗ ರುದ್ರಯ್ಯನವರ ಗಡ್ಡ ಬೆಳೆದಿತ್ತು. “ಬೇಗ ಮುಗಿಸು. ಗೌರೀಶನ್ನ ಆಸ್ಪತ್ರೆಯಿಂದ ಮನೆಗೆ ಕಳಿಸ್ಬುಟ್ರು.”

“ಸದ್ಯ! ದೇವರು ಕಣ್ಣು ಬಿಟ್ಟ, ಯಜಮಾನ್ರೇ.”

ರುದ್ರಯ್ಯ ಎದೆಯ ಮೇಲಿನ ಲಿಂಗದ ಕರಡಿಗೆಯನ್ನು ಮುಟ್ಟಿಕೊಂಡರು.

ಅಂದೇ ಗೋಪಾಲ ಬಡವನಹಳ್ಳಿಯಲ್ಲಿದ್ದ ಪ್ರಭುದೇವನಿಗೆ ಫೋನು ಮಾಡಿದ. “ಅವರು ಕರೆದ್ರೆ ಹೋಗ್ಬೇಡ ಕಣಪ್ಪಾ. ಯಾವುದಾದ್ರೂ ನೆಂಟರ ಮನೆ ಸೇರ್ಕೊಂಬುಡು.”

“ನನ್ನನ್ನ ಏನು ಮಾಡಿದ್ರೂ ಅವರಿಗೆ ಹಕ್ಕಿದೆ, ಗೋಪಾಲಣ್ಣ. ಕರೆದ್ರೆ ಹೋಗ್ತೀನಿ.”

ಕರೆ ಬಂದದ್ದು ಒಂದು ಬೆಳಗ್ಗೆ. “ಇವತ್ತೇ. ಗಾಡಿ ನಮ್ಮ ಹೊಲದ ಹಿಂದಿನ ಕೆರೆಯಂಗಳಕ್ಕೆ ತಗೊಂಬಾ. ಪ್ರಭು ಬಂದವ್ನೆ.” ರುದ್ರಯ್ಯ ಫೋನು ಇಟ್ಟರು.

ದಾರಿಯುದ್ದಕ್ಕೂ ಗೋಪಾಲ ಒಂದನ್ನೇ ನಿಶ್ಚಯಿಸಿಕೊಂಡ: ಕೀಲಿ ಕೊಡಬಾರದು. ಪೊಲೀಸರು ಬಂದರೂ ಸರಿ, ಒದೆ ಬಿದ್ದರೂ ಸರಿ, ತಾನು ಕಟ್ಟಿದ ಗಾಡಿಯಲ್ಲಿ ಒಂದು ಜೀವ ಹೋಗಬಾರದು.

ಕೆರೆಯಂಗಳ ಬಿರಿದು ಒಣಗಿತ್ತು. ಅಂಚಿನಲ್ಲಿ ರುದ್ರಯ್ಯನವರ ಹೊಲ. ಅಲ್ಲಿ ಆಗಷ್ಟೇ ತೋಡಿದ ಆಳವಾದ ಗುಂಡಿ, ಸುತ್ತ ಹಸಿ ಮಣ್ಣು. ಗುಂಡಿಯ ಪಕ್ಕ ಪ್ರಭುದೇವ ನಿಂತಿದ್ದ. ಕಣ್ಣು ಕೆಂಪಾಗಿತ್ತು. ರುದ್ರಯ್ಯ ಅವನ ಮಣಿಕಟ್ಟು ಬಿಗಿಯಾಗಿ ಹಿಡಿದಿದ್ದರು.

ಗೋಪಾಲ ಕೀಲಿಯನ್ನು ಮುಷ್ಟಿಯಲ್ಲಿ ಅದುಮಿಕೊಂಡು ಇಳಿದ. “ಕೊಡಾಕಿಲ್ಲ, ಯಜಮಾನ್ರೇ. ನನ್ನ ಹೊಡೆದು ಕಿತ್ಕೊಳ್ಳಿ.”

“ನನಗೆ ಬೇಡ ಕಣಪ್ಪ. ಇವನಿಗೆ ಕೊಡು.”

ರುದ್ರಯ್ಯ ಬಲಗಡೆಯ ಬಾಗಿಲು ತೆರೆದರು. ಪ್ರಭುದೇವನನ್ನು ಸ್ಟಿಯರಿಂಗಿನ ಮುಂದೆ ಕೂರಿಸಿ, ಹೆಲ್ಮೆಟ್ಟನ್ನು ತಾವೇ ಅವನ ತಲೆಗೆ ಇಟ್ಟರು.

“ಇಲ್ಲೇ ಜಾರಿಸ್ತೀನಿ, ಪಕ್ಕದಾಗೆ ಕೂತ್ಕೋ ಅಂತ ಅವನಿಗೆ ಮಾತು ಕೊಟ್ಟಿದ್ಯಲ್ಲ, ಮಗಾ. ಇವತ್ತು ಜಾರ್ಸು.”

ಗೋಪಾಲ ಖಾಲಿ ಸೀಟಿನತ್ತ ನೋಡಿದ. “ಅಂಗಾದ್ರೆ... ಎಡಗಡೆ ಯಾರು?”

ರುದ್ರಯ್ಯ ಕೆರೆ ಏರಿಯ ಕಡೆ ನೋಡಿದರು. “ಬರ್ತಾವ್ನೆ.”

ಏರಿಯ ಮೇಲಿಂದ ನಾಲ್ವರು ಗೌರೀಶನನ್ನು ಹೊತ್ತು ಇಳಿಯುತ್ತಿದ್ದರು: ಆ ಮನೆತನದವರೆಲ್ಲ ಮಣ್ಣಿಗೆ ಹೋದ ಹಾಗೇ, ಮಲಗಿ ಅಲ್ಲ, ಪದ್ಮಾಸನ ಹಾಕಿ ಕೂತು, ಹಣೆತುಂಬ ವಿಭೂತಿ ಬಳಿದುಕೊಂಡು.